ಹುಣಸೆಗೆ ಎರಡು ಸಲ ಇಂಡಿಯಾ, ತೊಗರಿಗೆ ಒಂದೂ ಇಲ್ಲ: ‘ಇಂಡಿಕಸ್’ ಎಂಬ ಲ್ಯಾಟಿನ್ ವಿಶೇಷಣದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

  ಇವತ್ತಿನ ಸಂಚಿಕೆಯ ವಿಷಯ ಒಂದೇ ಒಂದು ಪದ. ಅದು ಕನ್ನಡದ್ದಲ್ಲ, ಲ್ಯಾಟಿನ್ ಭಾಷೆಯದ್ದು. ಪದ ಯಾವುದಂದ್ರ ‘ಇಂಡಿಕಸ್’. ‘ಇಂಡಿಯಾದ’, ‘ಇಂಡಿಯಾಕ್ಕೆ ಸೇರಿದ’ ಅಂತ ಅದರ ಅರ್ಥ. ಶಾಲೆಯ ವ್ಯಾಕರಣದಲ್ಲಿ ಇಂಥ ಪದಕ್ಕೆ ಗುಣವಾಚಕ ಅಥವಾ ವಿಶೇಷಣ ಅಂತೀವಿ.

‘ಲ್ಯಾಟಿನ್‌ಗೂ ನಮಗೂ ಏನ್ ಸಂಬಂಧರಿ?’ ಅಂತ ಕೇಳಬಹುದು. ಸಂಬಂಧ ನಿಮ್ಮ ಮನೆ ಮುಂದೆಯೇ ಅದ. ಅಂಗಳದ ಬೇವಿನ ಮರದ ವೈಜ್ಞಾನಿಕ ಹೆಸರು ಅಜಾಡಿರಾಕ್ಟಾ ಇಂಡಿಕಾ. ಮಾವು ಮ್ಯಾಂಜಿಫೆರಾ ಇಂಡಿಕಾ. ಹುಣಸೆ ಟಮರಿಂಡಸ್ ಇಂಡಿಕಾ. ಸಂಕ್ರಾಂತಿಗೆ ಹಂಚೋ ಎಳ್ಳು ಸೆಸಮಂ ಇಂಡಿಕಂ. ಕೊಟ್ಟಿಗೆಯಲ್ಲಿ ಡುಬ್ಬ ಇರುವ ದೇವಣಿ ಎತ್ತು ಬಾಸ್ ಇಂಡಿಕಸ್.

ಪಿಯುಸಿ ವಿಜ್ಞಾನ ಓದೋ ಮಕ್ಕಳು, ಕೃಷಿ ಡಿಪ್ಲೊಮಾ ಮಾಡೋರು, ಕೃಷಿ ಇಲಾಖೆ ಹುದ್ದೆಗೆ ಪರೀಕ್ಷೆ ಕಟ್ಟೋರು ಈ ಹೆಸರುಗಳನ್ನ ಬಾಯಿಪಾಠ ಮಾಡ್ತಾರ. ಅದರಾಗೂ ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ದೊಡ್ಡ ತಲೆನೋವು. ಒಂದು ಕಡೆ ಇಂಡಿಕಾ, ಇನ್ನೊಂದು ಕಡೆ ಇಂಡಿಕಂ, ಮತ್ತೊಂದು ಕಡೆ ಇಂಡಿಕಸ್. ಯಾಕೆ ಹಿಂಗ ಅಂತ ಯಾರೂ ಹೇಳಿಕೊಡೋದಿಲ್ಲ. ‘ಸುಮ್ನೆ ನೆನಪಿಟ್ಕೋ’ ಅಂತಾರ. ಸುಮ್ನೆ ನೆನಪಿಟ್ಟುಕೊಂಡದ್ದು ಪರೀಕ್ಷೆ ಹಾಲ್‌ನಲ್ಲಿ ಸುಮ್ನೆ ಮರೆತೂ ಹೋಗ್ತದ.

ಇದರ ಹಿಂದೆ ಒಂದು ಸರಳ ನಿಯಮ ಅದ. ಅದು ನಮ್ಮ ಕಡೆಯವರಿಗೆ ಉಳಿದವರಿಗಿಂತ ಬೇಗ ತಿಳೀತದ. ಯಾಕಂದ್ರ ನಾವು ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು ಕಿವಿಗೆ ಬೀಳೋ ಊರಿನವರು. ನಿಯಮ ನೋಡಿದ ಮೇಲೆ ಇನ್ನೊಂದು ಪ್ರಶ್ನೆಗೆ ಬರೋಣ. ಅದು ದುಡ್ಡಿನ ಪ್ರಶ್ನೆ: ಹೆಸರಿನಲ್ಲಿ ‘ಇಂಡಿಕಾ’ ಅಂತ ಇದ್ರ ಅದು ನಮ್ಮ ದೇಶದ ಮಾಲು ಅಂತ ನಂಬಬಹುದಾ? ನಮ್ಮ ತೊಗರಿಯ ಹೆಸರಿನಲ್ಲಿ ಆ ಪದ ಯಾಕಿಲ್ಲ?

ಒಂದು ಪದ, ಮೂರು ಬಾಲ

ಮೊದಲು ಕನ್ನಡ ನೋಡೋಣ. ‘ದೊಡ್ಡ ಹುಡುಗ’, ‘ದೊಡ್ಡ ಹುಡುಗಿ’, ‘ದೊಡ್ಡ ಮರ’. ಮುಂದಿನ ಪದ ಬದಲಾಯ್ತು, ‘ದೊಡ್ಡ’ ಮಾತ್ರ ಇದ್ದಂಗೇ ಇತ್ತು. ನಮ್ಮ ಗುಣವಾಚಕ ಯಾರ ಮುಂದೆ ಬಂದ್ರೂ ವೇಷ ಬದಲಿಸೋದಿಲ್ಲ.

ಈಗ ವಾಡಿ ಜಂಕ್ಷನ್‌ನಲ್ಲಿ ನಿಂತು ಹಿಂದಿ ಅನೌನ್ಸ್‌ಮೆಂಟ್ ಕೇಳಿಸಿಕೊಳ್ರಿ. ಗಾಡಿ ‘ಆ ರಹೀ ಹೈ’ ಅಂತಾರ, ‘ಆ ರಹಾ ಹೈ’ ಅನ್ನೋದಿಲ್ಲ. ಹಿಂದಿಯಲ್ಲಿ ಗಾಡಿ ಸ್ತ್ರೀಲಿಂಗ. ವಿಶೇಷಣಕ್ಕೂ ಅದೇ ಕಟ್ಟಳೆ. ‘ನಯಾ ರಸ್ತಾ’, ಆದ್ರ ‘ನಯೀ ಗಾಡಿ’. ಮರಾಠಿಗೆ ಹೋದ್ರ ಎರಡಲ್ಲ, ಮೂರು ರೂಪ. ‘ಮೋಠಾ ಮುಲ್ಗಾ’, ‘ಮೋಠೀ ಮುಲ್ಗೀ’, ‘ಮೋಠಂ ಘರ್’. ಹುಡುಗನಿಗೊಂದು, ಹುಡುಗಿಗೊಂದು, ಮನೆಗೊಂದು.

ಲ್ಯಾಟಿನ್ ಥೇಟ್ ಮರಾಠಿ ಇದ್ದಂಗ. ಪುಲ್ಲಿಂಗದ ನಾಮಪದಕ್ಕೆ ಇಂಡಿಕಸ್, ಸ್ತ್ರೀಲಿಂಗಕ್ಕೆ ಇಂಡಿಕಾ, ನಪುಂಸಕಲಿಂಗಕ್ಕೆ ಇಂಡಿಕಂ. ಪದ ಒಂದೇ, ಬಾಲ ಮೂರು.

ಇನ್ನೂ ಹತ್ತಿರದ ಉದಾಹರಣೆ ಬೇಕಾದ್ರ ಕನ್ನಡದಲ್ಲೇ ಅದ. ‘ದೊಡ್ಡ’ ಅನ್ನೋದನ್ನ ವಾಕ್ಯದ ಕೊನೆಗೆ ತಂದು ನೋಡ್ರಿ. ‘ಈತ ದೊಡ್ಡವ’, ‘ಈಕಿ ದೊಡ್ಡಾಕಿ’, ‘ಈ ಮರ ದೊಡ್ಡದು’. ನಾಮಪದದ ಮುಂದೆ ನಿಂತಾಗ ಸುಮ್ಮನಿದ್ದ ಪದ, ಹಿಂದೆ ಬಂದ ಕೂಡಲೇ ಮೂರು ಬಾಲ ಬೆಳೆಸಿಕೊಂಡಿತು. ಲ್ಯಾಟಿನ್‌ನವರು ಇದನ್ನ ವಿಶೇಷಣ ಎಲ್ಲೇ ನಿಂತಿದ್ರೂ ಮಾಡ್ತಾರ. ಇಷ್ಟೇ ವ್ಯತ್ಯಾಸ.

ಕಾಮರ್ಸ್ ಓದಿದವರ ಭಾಷೆಯಲ್ಲಿ ಹೇಳ್ತೀನಿ. ಡೆಬಿಟ್ ಬದಿಗೂ ಕ್ರೆಡಿಟ್ ಬದಿಗೂ ತಾಳೆ ಆಗಬೇಕಲ್ಲ, ಹಂಗ ನಾಮಪದಕ್ಕೂ ವಿಶೇಷಣಕ್ಕೂ ತಾಳೆ ಆಗಬೇಕು. ಲಿಂಗ ತಾಳೆ ಆಗಬೇಕು, ವಚನ ತಾಳೆ ಆಗಬೇಕು, ವಿಭಕ್ತಿಯೂ ತಾಳೆ ಆಗಬೇಕು. ಸಸ್ಯ, ಪ್ರಾಣಿಗಳ ಹೆಸರಿನಲ್ಲಿ ನಮಗೆ ಬೇಕಾಗೋದು ಏಕವಚನದ ಪ್ರಥಮಾ ವಿಭಕ್ತಿ ಮಾತ್ರ. ಹಂಗಾಗಿ ಲಿಂಗ ಒಂದು ಗೊತ್ತಾದ್ರ ಮುಕ್ಕಾಲು ಕೆಲಸ ಮುಗೀತು.

ವೈಜ್ಞಾನಿಕ ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲದ ಹೆಸರು, ಅದು ನಾಮಪದ. ಎರಡನೆಯದು ಪ್ರಭೇದವನ್ನ ಗುರುತಿಸೋ ಪದ, ಅದು ಬಹಳ ಸಲ ವಿಶೇಷಣ. ಸೆಸಮಂ ಅನ್ನೋದು ‘ಅಂ’ ಅಂತ ಮುಗೀತದ, ನಪುಂಸಕ. ಅದಕ್ಕೆ ಇಂಡಿಕಂ. ಬಾಸ್ ಅಂದ್ರ ಲ್ಯಾಟಿನ್‌ನಲ್ಲಿ ದನ. ಇಲ್ಲಿ ಅದನ್ನ ಪುಲ್ಲಿಂಗ ಅಂತ ಹಿಡಿದಾರ, ಅದಕ್ಕೆ ಇಂಡಿಕಸ್. ಮ್ಯಾಂಜಿಫೆರಾ, ಅಜಾಡಿರಾಕ್ಟಾ ಎರಡೂ ಸ್ತ್ರೀಲಿಂಗ. ಅವಕ್ಕೆ ಇಂಡಿಕಾ. ಈ ಲೆಕ್ಕ ತಿಳಿದವರಿಗೆ ಐದು ಹೆಸರು ಬಾಯಿಪಾಠ ಮಾಡೋ ಕೆಲಸ ಒಂದಕ್ಕೆ ಇಳೀತದ.

ಹುಣಸೆಯ ತಕರಾರು

ಈಗ ಜಾಣ ವಿದ್ಯಾರ್ಥಿ ಒಬ್ಬ ಕೈ ಎತ್ತತಾನ. ‘ಅಣ್ಣಾ, ಹುಣಸೆ ಟಮರಿಂಡಸ್ ಅಲ್ಲ? ಅಸ್ ಅಂತ ಮುಗೀತದ. ಹಂಗಿದ್ರ ಟಮರಿಂಡಸ್ ಇಂಡಿಕಸ್ ಆಗಬೇಕಿತ್ತು. ಇಂಡಿಕಾ ಯಾಕಾಯ್ತು?’

ಪ್ರಶ್ನೆ ಬರೋಬ್ಬರಿ ಅದ. ಉತ್ತರ ರೋಮನ್ನರ ಹಳೇ ರೂಢಿಯಲ್ಲಿ ಅದ. ಲ್ಯಾಟಿನ್‌ನಲ್ಲಿ ಮರಗಳ ಹೆಸರು ‘ಅಸ್’ ಅಂತ ಮುಗಿದ್ರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಅಂಜೂರಕ್ಕೆ ಅವರು ಫೈಕಸ್ ಅಂತಿದ್ರು, ಅದು ಸ್ತ್ರೀಲಿಂಗ. ಪೈನ್ ಮರ ಪೈನಸ್, ಅದೂ ಸ್ತ್ರೀಲಿಂಗ. ಅದಕ್ಕೇ ನಮ್ಮ ಅರಳಿ ಮರ ಫೈಕಸ್ ರಿಲಿಜಿಯೋಸಾ ಆಯ್ತು, ರಿಲಿಜಿಯೋಸಸ್ ಆಗಲಿಲ್ಲ. ಅತ್ತಿ ಮರ ಫೈಕಸ್ ರೆಸಿಮೋಸಾ ಆಯ್ತು.

ಈ ರೂಢಿಯನ್ನ ಸಸ್ಯವಿಜ್ಞಾನ ಇವತ್ತಿಗೂ ಬಿಟ್ಟಿಲ್ಲ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟೇರಂ’ ಎಂಬ ಗ್ರಂಥ ಪ್ರಕಟಿಸಿದರು. ಸಸ್ಯಗಳಿಗೆ ಎರಡು ಪದದ ಹೆಸರು ಕೊಡುವ ಪದ್ಧತಿ ಗಟ್ಟಿಯಾಗಿ ನಿಂತದ್ದು ಅಲ್ಲಿಂದ. ಟಮರಿಂಡಸ್ ಇಂಡಿಕಾ ಅನ್ನೋ ಹೆಸರೂ ಅದೇ ಪುಸ್ತಕದ್ದು. ಹೆಸರು ಇಡುವುದಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಕುಲದ ಹೆಸರಿನ ಲಿಂಗವನ್ನು ಸಸ್ಯವಿಜ್ಞಾನದ ಪರಂಪರೆ ಹೇಗೆ ಬಳಸಿದೆಯೋ ಹಾಗೇ ಉಳಿಸಬೇಕು ಎಂದು ಅದು ಹೇಳುತ್ತದೆ. ಯಾರಾದ್ರೂ ವಿಶೇಷಣಕ್ಕೆ ತಪ್ಪು ಬಾಲ ಹಚ್ಚಿದ್ರ, ಮುಂದಿನವರು ಅದನ್ನ ತಿದ್ದಬೇಕು ಅಂತಲೂ ನಿಯಮ ಅದ.

ಅಂದ್ರ ಬಾಲ ನೋಡೋದಷ್ಟೇ ಸಾಲದು, ಅದು ಮರವಾ ಅಂತಲೂ ಕೇಳಬೇಕು. ‘ಅಸ್’ ಅಂತ ಮುಗಿಯೋ ಹಳೇ ಮರದ ಹೆಸರು ಬಂದ್ರ ಬಹುಶಃ ಸ್ತ್ರೀಲಿಂಗ ಅಂತ ಇಟ್ಟುಕೊಳ್ರಿ.

ಸಿಂಧುವಿನಿಂದ ರೋಮಿಗೆ

ಈಗ ಪದದ ಹುಟ್ಟು. ಇಂಡಿಕಸ್ ಹುಟ್ಟಿದ್ದು ನಮ್ಮ ಕಡೆಯಿಂದಲೇ, ಒಂದು ನದಿಯ ಹೆಸರಿನಿಂದ.

ಸಂಸ್ಕೃತದಲ್ಲಿ ಸಿಂಧು ಅಂದ್ರ ನದಿ, ಅದೇ ಒಂದು ನದಿಯ ಹೆಸರೂ ಹೌದು. ಪಕ್ಕದ ಪರ್ಷಿಯಾದಲ್ಲಿ ‘ಸ’ಕಾರ ‘ಹ’ಕಾರವಾಗುವ ಅಭ್ಯಾಸ. ಇದಕ್ಕೆ ಪುರಾವೆ ನಮ್ಮ ಬಾಯಲ್ಲೇ ಅದ. ಸಂಸ್ಕೃತದ ‘ಸಪ್ತ’ ಪರ್ಷಿಯನ್‌ನಲ್ಲಿ ‘ಹಫ್ತ್’. ಏಳು ದಿನಕ್ಕೆ ನಾವು ಸಪ್ತಾಹ ಅಂತೀವಿ, ಅದೇ ಏಳು ದಿನಕ್ಕೆ ಹಫ್ತಾ ಅಂತನೂ ಅಂತೀವಿ. ವಾರಕ್ಕೊಮ್ಮೆ ಕಟ್ಟೋ ಸಾಲದ ಕಂತಿಗೆ ‘ಹಫ್ತಾ’ ಅನ್ನುವವರು, ದೇವಸ್ಥಾನದಲ್ಲಿ ‘ಸಪ್ತಾಹ’ ಕೂಡುವವರು ಒಂದೇ ಮೂಲದ ಎರಡು ಪದ ಬಳಸ್ತಾ ಇದ್ದಾರ.

ಇದೇ ದಾರಿಯಲ್ಲಿ ಸಿಂಧು ‘ಹಿಂದು’ ಆಯ್ತು. ಸುಮಾರು 2500 ವರ್ಷಗಳ ಹಿಂದೆ ಪರ್ಷಿಯಾದ ದೊರೆ ದಾರಿಯಸ್ ತನ್ನ ಆಳ್ವಿಕೆಗೆ ಸೇರಿದ ನಾಡುಗಳನ್ನು ಶಾಸನಗಳಲ್ಲಿ ಪಟ್ಟಿ ಮಾಡಿಸಿದ. ಅದರಲ್ಲಿ ‘ಹಿಂದುಷ್’ ಅನ್ನೋದೂ ಒಂದು. ಆಗ ಅದು ಧರ್ಮದ ಹೆಸರಲ್ಲ, ಸಿಂಧೂ ನದಿ ಸುತ್ತಲಿನ ನಾಡಿನ ಹೆಸರು.

ಪರ್ಷಿಯಾದ ಆ ಕಡೆ ಗ್ರೀಕರು. ಪರ್ಷಿಯನ್ನರ ಜೊತೆ ಒಡನಾಟವಿದ್ದ ಅಯೋನಿಯಾದ ಗ್ರೀಕರ ಬಾಯಲ್ಲಿ ‘ಹ’ಕಾರ ನಿಲ್ತಿರಲಿಲ್ಲ. ನಮ್ಮಲ್ಲೂ ಕೆಲವು ಕಡೆ ‘ಹಣ್ಣು’ ಹೋಗಿ ‘ಅಣ್ಣು’ ಆಗ್ತದಲ್ಲ, ಹಂಗ. ‘ಹಿಂದು’ ಅವರಲ್ಲಿ ‘ಇಂದೋಸ್’ ಆಯ್ತು. ನದಿ ಇಂದೋಸ್ ಆದ ಮೇಲೆ ನಾಡು ಇಂಡಿಯಾ ಆಯ್ತು. ಆ ನಾಡಿಗೆ ಸೇರಿದ್ದು ಅನ್ನೋದಕ್ಕೆ ‘ಇಕೋಸ್’ ಅನ್ನೋ ಪ್ರತ್ಯಯ ಹಚ್ಚಿ ‘ಇಂದಿಕೋಸ್’ ಅಂದರು. ರೋಮನ್ನರು ಅದನ್ನ ಎತ್ತಿಕೊಂಡು ತಮ್ಮ ಬಾಲ ಹಚ್ಚಿದರು: ಇಂಡಿಕಸ್, ಇಂಡಿಕಾ, ಇಂಡಿಕಂ.

ಆ ‘ಇಕ್’ ಅನ್ನೋ ತುಂಡನ್ನ ಸ್ವಲ್ಪ ಗಮನಿಸಿ. ಧರ್ಮದಿಂದ ಧಾರ್ಮಿಕ, ಸಮಾಜದಿಂದ ಸಾಮಾಜಿಕ, ಇತಿಹಾಸದಿಂದ ಐತಿಹಾಸಿಕ. ಸಂಸ್ಕೃತದ ಈ ‘ಇಕ’, ಗ್ರೀಕಿನ ‘ಇಕೋಸ್’, ಲ್ಯಾಟಿನ್‌ನ ‘ಇಕಸ್’ ಮೂರೂ ಒಂದೇ ಮನೆತನದ ಅಣ್ಣತಮ್ಮಂದಿರು ಅಂತ ಭಾಷಾವಿಜ್ಞಾನಿಗಳು ಹೇಳ್ತಾರ. ಹಂಗಾಗಿ ‘ಇಂಡಿಕ’ ಅನ್ನೋ ಪದ ಕನ್ನಡದ ಕಿವಿಗೆ ಅಷ್ಟೇನೂ ಪರಕೀಯ ಅನ್ನಿಸೋದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಅದ. ವಿಶೇಷಣ ನಾಮಪದವನ್ನ ಬಿಟ್ಟು ಒಂಟಿಯಾಗಿಯೂ ನಿಲ್ಲಬಲ್ಲದು, ನಮ್ಮ ‘ದೊಡ್ಡದು’ ನಿಂತಂಗ. ‘ಇಂಡಿಕಂ’ ಅಂದ್ರ ‘ಇಂಡಿಯಾದ್ದು’. ಇಂಡಿಯಾದ್ದು ಯಾವುದು? ನೀಲಿ ಬಣ್ಣ. ಇಲ್ಲಿಂದ ಹೋಗ್ತಿದ್ದ ನೀಲಿಗೆ ರೋಮನ್ನರು ಇಂಡಿಕಂ ಅಂದರು, ಅದೇ ಮುಂದೆ ಯುರೋಪಿನ ಭಾಷೆಗಳಲ್ಲಿ ‘ಇಂಡಿಗೋ’ ಆಯ್ತು. 1863ರಲ್ಲಿ ಜರ್ಮನಿಯಲ್ಲಿ ಒಂದು ಹೊಸ ಲೋಹ ಪತ್ತೆಯಾದಾಗ, ಅದರ ಬೆಳಕಿನ ಪಟ್ಟಿಯಲ್ಲಿ ಇಂಡಿಗೋ ಬಣ್ಣದ ಗೆರೆ ಕಂಡಿತು ಅಂತ ಅದಕ್ಕೆ ‘ಇಂಡಿಯಂ’ ಅಂತ ಹೆಸರಿಟ್ಟರು. ಆ ಲೋಹದ ಸಂಯುಕ್ತವನ್ನು ಇವತ್ತು ಮೊಬೈಲ್‌ಗಳ ಟಚ್ ಸ್ಕ್ರೀನ್‌ನಲ್ಲಿ ಬಳಸುತ್ತಾರೆ. ಸಿಂಧೂ ನದಿಯ ಹೆಸರು ಸುತ್ತಿ ಸುತ್ತಿ ನಿಮ್ಮ ಬೆರಳಿನ ಕೆಳಗೇ ಬಂದು ಕೂತದ.

ಮೆಗಸ್ತನೀಸ್ ಬರೆದ ‘ಇಂಡಿಕಾ’ ಗ್ರಂಥದ ಹೆಸರು ಇತಿಹಾಸ ಪುಸ್ತಕದಲ್ಲಿ ಓದಿರ್ತೀರಿ. ಅಲ್ಲಿರೋ ‘ಇಂಡಿಕಾ’ ಸ್ತ್ರೀಲಿಂಗ ಅಲ್ಲ. ಅದು ನಪುಂಸಕಲಿಂಗದ ಬಹುವಚನ, ‘ಇಂಡಿಯಾದ ಸಂಗತಿಗಳು’ ಅಂತ. ಬಾಲ ನೋಡೋಕೆ ಒಂದೇ, ಲೆಕ್ಕ ಬೇರೆ.

ಮಳಖೇಡ ಮತ್ತು ‘ಹಿಂದ್’

ಪದ ಪಶ್ಚಿಮಕ್ಕೆ ಹೋದ ದಾರಿ ಇನ್ನೊಂದಿತ್ತು. ಪರ್ಷಿಯನ್ನರಿಂದ ಅರಬರು ‘ಹಿಂದ್’ ಅನ್ನೋದನ್ನ ಕಲಿತರು. ಈ ಕಥೆಯಲ್ಲಿ ಸೇಡಂ ತಾಲೂಕು ಬರ್ತದ.

ಕಾಗಿಣಾ ದಂಡೆಯ ಮಳಖೇಡ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕ್ರಿ.ಶ. 851ರ ಹೊತ್ತಿಗೆ ಸುಲೈಮಾನ್ ಎಂಬ ಅರಬ್ ವ್ಯಾಪಾರಿಯ ಹೆಸರಿನಲ್ಲಿ ಬಂದ ಬರಹದಲ್ಲಿ ಹಿಂದ್ ದೇಶದ ಅತಿ ದೊಡ್ಡ ದೊರೆ ‘ಬಲ್ಹರಾ’ ಎಂದಿದೆ. ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಅವನನ್ನೂ ಸೇರಿಸಲಾಗಿದೆ. ಬಲ್ಹರಾ ಅಂದರೆ ‘ವಲ್ಲಭರಾಜ’, ರಾಷ್ಟ್ರಕೂಟರ ಬಿರುದು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆಗ ಪಟ್ಟದಲ್ಲಿದ್ದವನು ಅಮೋಘವರ್ಷ ನೃಪತುಂಗ. ಮುಂದಿನ ಶತಮಾನದಲ್ಲಿ ಅಲ್ ಮಸೂದಿ ಎಂಬ ಇನ್ನೊಬ್ಬ ಅರಬ್ ಲೇಖಕ ಬಲ್ಹರಾನ ರಾಜಧಾನಿಯ ಹೆಸರನ್ನೂ ಬರೆದ: ‘ಮಾನಕೀರ್’. ಅದೇ ನಮ್ಮ ಮಳಖೇಡ.

ಅದೇ ಕಾಲಕ್ಕೆ ಅದೇ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಎಲ್ಲಿ ಕೂಡಿಸಬಹುದು, ಎಲ್ಲಿ ಕೂಡಿಸಿದ್ರ ಕೆಡತದ ಅನ್ನೋ ಚರ್ಚೆ ಅದರಲ್ಲಿ ಅದ. ಬೇರೆ ಭಾಷೆಯ ಪದ ಬಂದಾಗ ಹೆಂಗ ಹೊಂದಿಸಬೇಕು ಅನ್ನೋದು ನಮ್ಮ ಕಡೆಯವರು ಸಾವಿರದ ನೂರೈವತ್ತು ವರ್ಷದ ಹಿಂದೆಯೇ ತಲೆ ಕೆಡಿಸಿಕೊಂಡ ವಿಷಯ. ಅದಾದ ಎರಡು ಶತಮಾನಕ್ಕೆ ಚಿತ್ತಾಪುರ ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನ ಇತ್ತು. ಅಲ್ಲಿನ ಗ್ರಂಥಭಂಡಾರ ನೋಡಿಕೊಳ್ಳುವವರ ಬಗ್ಗೆ 1058ರ ಶಾಸನದಲ್ಲಿ ಉಲ್ಲೇಖವಿದೆ. ಇದು ಪದ, ಪುಸ್ತಕ ಹೊಸದಲ್ಲದ ನಾಡು.

ಈಗ ಹುಣಸೆಗೆ ವಾಪಸ್ ಬರೋಣ. ಅರಬರು ಹುಣಸೆಹಣ್ಣಿಗೆ ‘ತಮ್ರ್ ಹಿಂದೀ’ ಅಂದರು. ತಮ್ರ್ ಅಂದ್ರ ಒಣ ಖರ್ಜೂರ. ‘ಹಿಂದ್ ದೇಶದ ಖರ್ಜೂರ’ ಅಂತ ಅರ್ಥ. ಆ ಹೆಸರು ಯುರೋಪಿಗೆ ಹೋಗಿ ‘ಟಮರಿಂಡಸ್’ ಆಯ್ತು. ಅದರೊಳಗಿನ ‘ಇಂಡ್’ ಅನ್ನೋದೇ ‘ಹಿಂದ್’. ಅದರ ಮುಂದೆ ಲಿನೇಯಸ್ ಮತ್ತೆ ‘ಇಂಡಿಕಾ’ ಸೇರಿಸಿದರು. ಅಂದ್ರ ಟಮರಿಂಡಸ್ ಇಂಡಿಕಾ ಅನ್ನೋದನ್ನ ಬಿಡಿಸಿದ್ರ ‘ಇಂಡಿಯಾದ ಇಂಡಿಯಾ ಖರ್ಜೂರ’. ಸಿಂಧುವಿನಿಂದ ಹೊರಟ ಪದ ಅರಬ್ ದಾರಿಯಿಂದ ಒಮ್ಮೆ, ಗ್ರೀಕ್-ರೋಮನ್ ದಾರಿಯಿಂದ ಇನ್ನೊಮ್ಮೆ ಬಂದು ಒಂದೇ ಮರದ ಮೇಲೆ ಕೂತದ.

ಬೇವಿನ ಹೆಸರಿನಲ್ಲೂ ಇಂಥದೇ ಗುಟ್ಟು ಅದ. ಅಜಾಡಿರಾಕ್ಟಾ ಅಂದ್ರ ಪರ್ಷಿಯನ್‌ನ ‘ಆಜಾದ್ ದರಖ್ತ್’. ಆಜಾದ್ ಅಂದ್ರ ಸ್ವತಂತ್ರ, ದರಖ್ತ್ ಅಂದ್ರ ಮರ. ಉರ್ದು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೊಗರಿ ಕಳೆದುಕೊಂಡ ವಿಶೇಷಣ

ಇನ್ನು ನಿಜವಾದ ತಮಾಷೆ. ಹೆಸರಿನಲ್ಲಿ ಎರಡು ಸಲ ಇಂಡಿಯಾ ಇರುವ ಹುಣಸೆ ಮೂಲತಃ ಇಂಡಿಯಾದ ಮರ ಅಲ್ಲ. ಅದರ ತವರು ಆಫ್ರಿಕಾ ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಬಹಳ ಹಿಂದೆಯೇ ಇಲ್ಲಿಗೆ ಬಂತು, ನಮ್ಮ ಸಾರಿನಲ್ಲಿ ಬೆರೆತು ಹೋಯ್ತು, ಅರಬರಿಗೆ ಇಲ್ಲಿಂದಲೇ ಸಿಕ್ಕಿತು. ಅವರು ಕಂಡ ವಿಳಾಸವನ್ನ ಬರೆದರು.

ಇದಕ್ಕಿಂತ ದೊಡ್ಡ ಉದಾಹರಣೆ ಪಾಪಾಸುಕಳ್ಳಿ ಜಾತಿಯಲ್ಲಿ ಅದ. ಹಣ್ಣಿಗಾಗಿ, ಮೇವಿಗಾಗಿ ಬೆಳೆಸೋ ಕಳ್ಳಿಯ ಹೆಸರು ಒಪುಂಶಿಯಾ ಫೈಕಸ್-ಇಂಡಿಕಾ, ಅಂದ್ರ ‘ಇಂಡಿಯಾದ ಅಂಜೂರ’. ಅದರ ತವರು ಮೆಕ್ಸಿಕೊ. ಯುರೋಪಿನವರು ಅಮೆರಿಕಾ ಖಂಡಕ್ಕೆ ‘ಇಂಡೀಸ್’ ಅಂತಿದ್ದ ಕಾಲದ ಗೊಂದಲ ಹೆಸರಿನಲ್ಲಿ ಉಳೀತು.

ಈಗ ತೊಗರಿ ನೋಡ್ರಿ. ತೊಗರಿಯ ತವರು ಭಾರತವೇ. ಅದರ ಹತ್ತಿರದ ಕಾಡುಬಂಧು ಒಡಿಶಾ, ಬಸ್ತರ್ ಕಡೆ ಈಗಲೂ ಬೆಳೀತದ. ಇಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾಕ್ಕೆ ಹೋಯ್ತು. ಕಲಬುರಗಿಗೆ ತೊಗರಿ ಕಣಜ ಅಂತ ಹೆಸರು. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಹೊಲದ ತುಂಬ ಹಳದಿ ಹೂವು. ಇಷ್ಟೆಲ್ಲ ಇದ್ದೂ ಅದರ ಹೆಸರು ಕಜಾನಸ್ ಕಜಾನ್. ‘ಇಂಡಿಕಸ್’ ಎಲ್ಲೂ ಇಲ್ಲ.

ಒಂದು ಕಾಲಕ್ಕೆ ಇತ್ತು. 1826ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಎಂಬ ಸಸ್ಯವಿಜ್ಞಾನಿ ತೊಗರಿಗೆ ‘ಕಜಾನಸ್ ಇಂಡಿಕಸ್’ ಅಂತ ಹೆಸರು ಕೊಟ್ಟಿದ್ದರು. ಕಜಾನಸ್ ಪುಲ್ಲಿಂಗ, ಅದಕ್ಕೆ ಇಂಡಿಕಸ್. ತಾಳೆ ಬರೋಬ್ಬರಿ. ಹಳೇ ಕೃಷಿ ಪುಸ್ತಕಗಳಲ್ಲಿ ಆ ಹೆಸರೇ ಸಿಗ್ತದ. ಆದ್ರ ಸಸ್ಯನಾಮಗಳಲ್ಲಿ ಮೊದಲು ಬಂದವರಿಗೆ ಮೊದಲ ಹಕ್ಕು. ಹೊಲದ ದಾಖಲೆಯಲ್ಲಿ ಮೊದಲ ನೋಂದಣಿ ಯಾವುದು ಅಂತ ಹುಡುಕೋ ಹಂಗ, ಅವರು 1753ರ ತನಕ ಹಿಂದೆ ಹೋಗಿ ಹುಡುಕ್ತಾರ. ಆ ವರ್ಷ ಲಿನೇಯಸ್ ತೊಗರಿಯನ್ನು ಬೇರೊಂದು ಕುಲದಲ್ಲಿ ಇಟ್ಟು ‘ಸಿಟಿಸಸ್ ಕಜಾನ್’ ಎಂದು ಕರೆದಿದ್ದರು. ಗಿಡವನ್ನ ಕಜಾನಸ್ ಕುಲಕ್ಕೆ ವರ್ಗ ಮಾಡಿದರೂ ‘ಕಜಾನ್’ ಅನ್ನೋ ಹಳೇ ಪದ ಜೊತೆಗೇ ಬರಬೇಕು. 73 ವರ್ಷ ತಡವಾಗಿ ಬಂದ ‘ಇಂಡಿಕಸ್’ ಬಿದ್ದು ಹೋಯ್ತು.

‘ಕಜಾನ್’ ಎಲ್ಲಿಯದು? ಮಲಯ ಭಾಷೆಯಲ್ಲಿ ಕಾಳು, ಅವರೆ ಜಾತಿಯ ಬೆಳೆಗೆ ‘ಕಾಚಾಂಗ್’ ಅಂತಾರ, ಅದರಿಂದ ಬಂತು ಅನ್ನೋದು ಸಾಮಾನ್ಯವಾಗಿ ಕೊಡೋ ವಿವರಣೆ. ಅದು ವಿಶೇಷಣ ಅಲ್ಲ, ನಾಮಪದ. ಅದಕ್ಕೇ ಕುಲದ ಲಿಂಗ ಏನೇ ಇದ್ರೂ ಅದರ ಬಾಲ ಬದಲಾಗೋದಿಲ್ಲ.

ಹೀಗೆ ಆಫ್ರಿಕಾದ ಹುಣಸೆಗೆ ಇಂಡಿಯಾ ಎರಡು ಸಲ, ಇಂಡಿಯಾದ ತೊಗರಿಗೆ ಒಂದು ಸಲವೂ ಇಲ್ಲ. ಇದು ಅನ್ಯಾಯ ಅಂತ ಬೇಜಾರು ಮಾಡ್ಕೋಬೇಡಿ. ವೈಜ್ಞಾನಿಕ ಹೆಸರಿನ ಕೆಲಸ ಗಿಡದ ಗುಣ ಹೇಳೋದಲ್ಲ, ಜಗತ್ತಿನವರೆಲ್ಲ ಒಂದೇ ಗಿಡವನ್ನ ಒಂದೇ ಹೆಸರಿನಿಂದ ಕರೆಯೋ ಹಂಗ ಮಾಡೋದು. ಅರ್ಥ ಹೊಂದೋದಿಲ್ಲ ಅಂತ ಹೆಸರನ್ನ ತಳ್ಳಿಹಾಕಬಾರದು ಅಂತ ನಿಯಮಾವಳಿಯಲ್ಲೇ ಬರೆದದ. ವಿಶೇಷಣದ ಬಾಲ ತಪ್ಪಿದ್ರ ತಿದ್ದಬಹುದು, ಅರ್ಥ ತಪ್ಪಿದ್ರ ತಿದ್ದೋ ಹಂಗಿಲ್ಲ. ವ್ಯಾಕರಣ ಕಡ್ಡಾಯ, ಸತ್ಯ ಐಚ್ಛಿಕ ಅಂತ ಹೇಳಬಹುದು.

ಹಂಗಿದ್ರ ಊರಿನ ಗುರುತು ಯಾವುದು?

ಇದು ಬರೀ ಪುಸ್ತಕದ ಮಾತಲ್ಲ. ‘ಹೆಸರಿನಲ್ಲೇ ಇಂಡಿಕಾ ಅದ, ಅಂದ್ರ ಅಪ್ಪಟ ದೇಸಿ’ ಅಂತ ಯಾರಾದ್ರೂ ಸಸಿಯನ್ನೋ ಎಣ್ಣೆಯನ್ನೋ ಮಾರಕ್ಕೆ ಬಂದ್ರ ನೀವು ಪಾಪಾಸುಕಳ್ಳಿಯನ್ನ ನೆನಪಿಸಿಕೊಳ್ರಿ. ಆ ಪದ ಮೂಲದ ಪ್ರಮಾಣಪತ್ರ ಅಲ್ಲ.

ತೊಗರಿ ವ್ಯಾಪಾರದಲ್ಲಿ ಇದು ಇನ್ನೂ ಸ್ಪಷ್ಟ. ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ ತೊಗರಿಗೆ 0713.60 ಅಂತ ಪ್ರತ್ಯೇಕ ಸಂಖ್ಯೆ ಅದ, ಅದರ ಎದುರಿಗೆ ಕಂಸದಲ್ಲಿ ಬರೆದಿರೋದು ಕಜಾನಸ್ ಕಜಾನ್. ಭಾರತ 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ಆಮದಿಗೆ ಒಪ್ಪಂದ ಮಾಡಿಕೊಂಡಿತು. 2021ರ ಮೇ ತಿಂಗಳಿನಿಂದ ತೊಗರಿ ಆಮದನ್ನು ಮುಕ್ತಗೊಳಿಸಿ, ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ. ಮೊಜಾಂಬಿಕ್‌ನ ತೊಗರಿ, ಮ್ಯಾನ್ಮಾರಿನ ತೊಗರಿ, ಚಿಂಚೋಳಿಯ ತೊಗರಿ, ಮೂರಕ್ಕೂ ಸುಂಕದ ಸಂಖ್ಯೆ ಒಂದೇ, ಲ್ಯಾಟಿನ್ ಹೆಸರೂ ಒಂದೇ. ಚೀಲದ ಮೇಲೆ ಲ್ಯಾಟಿನ್ ಬರೆದ್ರ ಅದು ತೊಗರಿ ಅಂತ ಗೊತ್ತಾಗ್ತದ, ಯಾವ ಹೊಲದ್ದು ಅಂತ ಗೊತ್ತಾಗೋದಿಲ್ಲ.

ಹೊಲದ ಗುರುತು ಹೇಳೋದು ಜಿಐ, ಅಂದ್ರ ಭೌಗೋಳಿಕ ಸೂಚಕ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸುಣ್ಣದ ಕಲ್ಲಿನ ನಮ್ಮ ನೆಲಕ್ಕೂ ಬೇಳೆಯ ರುಚಿಗೂ ಸಂಬಂಧ ಅದ ಅಂತ ನಮ್ಮ ಕಡೆ ಹೇಳ್ತಾರಲ್ಲ, ಇಂಥ ಊರಿನ ಗುಣಕ್ಕೆ ಕಾನೂನಿನ ಮುದ್ರೆ ಬೀಳೋದು ಜಿಐನಲ್ಲಿ. ನೋಂದಣಿಯಾದ ಹೆಸರು ‘ಗುಲ್ಬರ್ಗಾ ತೂರ್ ದಾಲ್’. ನಗರದ ಹೆಸರು 2014ರಲ್ಲೇ ಕಲಬುರಗಿ ಆಗಿತ್ತು, ಪಟ್ಟಿಯಲ್ಲಿ ಮಾತ್ರ ಹಳೇ ಹೆಸರು. ಮಾರುಕಟ್ಟೆಯಲ್ಲಿ ಜನರ ಬಾಯಿಗೆ ರೂಢಿಯಾದದ್ದು ಅದೇ.

ಆದ್ರ ಜಿಐ ಸಿಕ್ಕ ಮಾತ್ರಕ್ಕೆ ಎಲ್ಲಾ ರೈತರ ಚೀಲಕ್ಕೆ ಅದು ತಾನಾಗಿಯೇ ಅಂಟಿಕೊಳ್ಳೋದಿಲ್ಲ. ಆ ಗುರುತನ್ನ ಬಳಸಬೇಕಂದ್ರ ಜಿಐ ಕಾಯ್ದೆ ಪ್ರಕಾರ ಬೆಳೆಗಾರರು ‘ಅಧಿಕೃತ ಬಳಕೆದಾರ’ ಅಂತ ನೋಂದಣಿ ಮಾಡಿಸಿಕೊಳ್ಳಬೇಕು. ಜಿಐ ನೋಂದಣಿ ಕಚೇರಿ ಚೆನ್ನೈಯಲ್ಲಿ ಅದ. ರೈತ ಉತ್ಪಾದಕ ಸಂಘ ನಡೆಸೋರು, ಬೇಳೆ ಪ್ಯಾಕ್ ಮಾಡಿ ಸ್ವಂತ ಹೆಸರಿನಲ್ಲಿ ಮಾರಬೇಕು ಅನ್ನೋ ಯುವಕರು ಈ ಒಂದು ಮಾತು ಬರೆದಿಟ್ಟುಕೊಳ್ರಿ. ನಿಮ್ಮ ಬೇಳೆ ಎಲ್ಲಿಯದು ಅಂತ ಲ್ಯಾಟಿನ್ ಹೇಳೋದಿಲ್ಲ, ನೀವೇ ನೋಂದಣಿ ಮಾಡಿಸಿ ಹೇಳಬೇಕು.

ಈಗ ನೀವೇ ಓದಿ ನೋಡಿ

ಹಂಗಾದ್ರ ಲ್ಯಾಟಿನ್ ವಿಶೇಷಣ ಕಲಿತು ಏನು ಪ್ರಯೋಜನ? ತೊಗರಿ ಹೊಲದ ಇಬ್ಬರು ವೈರಿಗಳ ಹೆಸರು ತಗೊಳ್ಳೋಣ.

ಒಂದು, ಕಾಯಿಕೊರಕ ಹುಳು. ಔಷಧ ಡಬ್ಬಿಯ ಚೀಟಿಯ ಮೇಲೆ ‘ಹೆಲಿಕೋವರ್ಪಾ ಆರ್ಮಿಜೆರಾ’ ಅಂತ ಇರ್ತದ. ಆರ್ಮಾ ಅಂದ್ರ ಆಯುಧ, ‘ಜೆರ್’ ಅಂದ್ರ ಹೊರುವ, ಧರಿಸುವ. ಆರ್ಮಿಜೆರ್, ಆರ್ಮಿಜೆರಾ, ಆರ್ಮಿಜೆರಂ: ‘ಆಯುಧ ಹೊತ್ತ’. ಇಲ್ಲಿ ಪುಲ್ಲಿಂಗಕ್ಕೆ ‘ಅಸ್’ ಇಲ್ಲ, ಬರೀ ‘ಎರ್’. ಕೆಲವು ವಿಶೇಷಣ ಹಿಂಗೂ ಇರ್ತಾವ. ಹೆಲಿಕೋವರ್ಪಾ ಸ್ತ್ರೀಲಿಂಗ, ಅದಕ್ಕೆ ಆರ್ಮಿಜೆರಾ. ಹಳೇ ಕೈಪಿಡಿಗಳಲ್ಲಿ ‘ಹೆಲಿಯೋಥಿಸ್ ಆರ್ಮಿಜೆರಾ’ ಅಂತ ಸಿಗ್ತದ. ಕುಲ ಬದಲಾಯ್ತು, ಎರಡನೇ ಪದ ಉಳೀತು. ಹಂಗಾಗಿ ಎರಡೂ ಒಂದೇ ಹುಳು ಅಂತ ನೀವು ಗುರುತು ಹಿಡಿಯಬಹುದು. ಹೆಸರು ಹೊಸದು ಅಂತ ಬೇರೆ ಹುಳುವಿನ ಔಷಧ ಅಂದುಕೊಂಡು ಎರಡು ಡಬ್ಬಿ ತರೋದು ತಪ್ಪತದ.

ಇನ್ನೊಂದು, ನೆಟೆ ರೋಗ. 2022ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿ ನೆಟೆ ಬಿದ್ದು ಒಣಗಿದ್ದನ್ನ ಯಾರೂ ಮರೆತಿಲ್ಲ. ತೊಗರಿ ಸೊರಗುವ ಈ ರೋಗ ತರುವ ಶಿಲೀಂಧ್ರದ ಹೆಸರು ‘ಫ್ಯುಸೇರಿಯಂ ಊಡಂ’. ಫ್ಯೂಸಸ್ ಅಂದ್ರ ನೂಲು ತೆಗೆಯೋ ಕದಿರು, ಅದರ ಬೀಜಕಣ ಕದಿರಿನ ಆಕಾರ. ಲ್ಯಾಟಿನ್ ನಿಘಂಟಿನಲ್ಲಿ ಊಡಸ್, ಊಡಾ, ಊಡಂ ಅಂದ್ರ ‘ತೇವದ, ಒದ್ದೆಯ’. ಫ್ಯುಸೇರಿಯಂ ನಪುಂಸಕ, ಅದಕ್ಕೆ ಊಡಂ. ಈ ಶಿಲೀಂಧ್ರ ಮಣ್ಣಿನಲ್ಲಿ ಉಳಿದುಕೊಂಡು ಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ನಾಳವನ್ನೇ ಕಟ್ಟಿಬಿಡುತ್ತದೆ. ಕಾಯಿಕೊರಕ ಎಲೆ-ಕಾಯಿ ಮೇಲಿನ ವೈರಿ, ಇದು ಮಣ್ಣಿನ ಒಳಗಿನ ವೈರಿ. ಅದಕ್ಕೇ ಮೇಲಿನಿಂದ ಹುಳುವಿನ ಔಷಧ ಹೊಡೆದ್ರ ನೆಟೆ ನಿಲ್ಲೋದಿಲ್ಲ. ರೋಗ ತಡೆಯುವ ತಳಿ, ಬೀಜೋಪಚಾರ, ಬೆಳೆ ಬದಲಾವಣೆ ಬೇಕು. ಚೀಟಿ ಮೇಲೆ ಎರಡು ಪದ ಓದಿ ಇದು ಹುಳುವಾ, ಶಿಲೀಂಧ್ರವಾ ಅಂತ ಅಂಗಡಿಯವನನ್ನ ಕೇಳೋ ಅಷ್ಟು ತಿಳಿದ್ರ ಅಂದಿನ ಖರ್ಚು ಉಳೀತದ.

ವಿದ್ಯಾರ್ಥಿಗಳಿಗೆ ಕೊನೆಗೆ ಮೂರು ಪ್ರಶ್ನೆ ಕೊಡ್ತೀನಿ. ಯಾವುದೇ ವೈಜ್ಞಾನಿಕ ಹೆಸರು ಬಂದ್ರ ಇವನ್ನ ಕೇಳ್ಕೊಳ್ರಿ. ಮೊದಲನೆಯದು, ಎರಡನೇ ಪದ ವಿಶೇಷಣವಾ, ನಾಮಪದವಾ? ಇಂಡಿಕಾ ವಿಶೇಷಣ, ಕಜಾನ್ ನಾಮಪದ. ಎರಡನೆಯದು, ವಿಶೇಷಣವಾದ್ರ ಮೊದಲ ಪದದ ಲಿಂಗ ಯಾವುದು? ಅಸ್, ಆ, ಅಂ ನೋಡ್ರಿ, ಹಳೇ ಮರದ ಹೆಸರಾದ್ರ ಹುಣಸೆಯನ್ನ ನೆನಪಿಸಿಕೊಳ್ರಿ. ಮೂರನೆಯದು, ಈ ಪದ ಹೇಳೋದು ನಿಜವಾ, ಅಥವಾ ಹೆಸರಿಟ್ಟವರು ಆವತ್ತು ಕಂಡದ್ದಾ? ಮೊದಲ ಎರಡಕ್ಕೆ ಉತ್ತರ ವ್ಯಾಕರಣದಲ್ಲಿ ಸಿಗ್ತದ. ಮೂರನೆಯದಕ್ಕೆ ಇತಿಹಾಸ ಓದಬೇಕು.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಹೊಲದಾಗ, ಅಂಗಡಿಯಾಗ, ಪಠ್ಯಪುಸ್ತಕದಾಗ ಬಾಲ ತಿಳಿಯದ ಹೆಸರು ಯಾವುದಾದ್ರೂ ಸಿಕ್ಕರೆ ಬರೆದು ಕಳಿಸ್ರಿ, ಮುಂದಿನ ಸಂಚಿಕೆಗಳಲ್ಲಿ ಕೂಡಿ ಬಿಡಿಸೋಣ. ಮನೆಯಲ್ಲಿ ಪರೀಕ್ಷೆಗೆ ಓದ್ತಿರೋ ತಮ್ಮ, ತಂಗಿ ಇದ್ದರೆ ಇದನ್ನ ಕೇಳಿಸ್ರಿ.